ಹಲ್ಲು ನೀಲಿಯಾದ ರಾಜನೂ ಡನ್ ಲಿಯರಿಯ ಚಾಮರಾಜನೂ

ಐರ್ಲೆಂಡಿನ ಕಡಲತೀರದ ಊರಾದ ಡನ್ ಲಿಯರಿಯ ಚಾಮರಾಜನಿಗೆ ರಾಜ್ಯವಿರಲಿಲ್ಲ, ಸೈನ್ಯವಿರಲಿಲ್ಲ. ಸಿಂಹಾಸನ ಎಂಬುದೊಂದು ಇದ್ದಿದ್ದರೆ ಅದು ಲಾಕ್‌ಡೌನ್ ಶುರುವಾದಾಗ ಕಚೇರಿಯವರು ಮನೆಗೆ ಕಳಿಸಿಕೊಟ್ಟ ಚಕ್ರದ ಕುರ್ಚಿ. ಅದೂ ಎಡಕ್ಕೆ ವಾಲುತ್ತಿತ್ತು. ಆದರೆ ಅವನ ಬತ್ತಳಿಕೆಯಲ್ಲಿ ಒಂದು ಅಸ್ತ್ರವಿತ್ತು. ಅದನ್ನು ಹೂಡಿದನೆಂದರೆ ತುಂಬಿದ ಸಭೆ ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿಯಾಗುತ್ತಿತ್ತು.

"ಈ ಹೆಸರು ಎಲ್ಲಿಂದ ಬಂತು ಗೊತ್ತೇನ್ರೀ?"

ಇದೇ ಆ ಅಸ್ತ್ರ. ಯಂತ್ರದ ಮೇಲೆ ಅಚ್ಚಾಗಿರುವ ಯಾವ ಹೆಸರಾದರೂ ಸರಿ, ಯಾವ ಗುರುತಾದರೂ ಸರಿ, ಚಾಮರಾಜನ ಬಳಿ ಅದಕ್ಕೊಂದು ಸ್ಥಳಪುರಾಣವಿತ್ತು. ಊಟಕ್ಕೆ ಕೂತವರು ಯಾರಾದರೂ ಎಲೆಯ ಪಕ್ಕದಲ್ಲಿ ಫೋನ್ ಇಟ್ಟರೋ, ಮುಗಿಯಿತು. "ಸ್ಯಾಮ್‌ಸಂಗ್! ಕೊರಿಯಾದ ಮಾತಲ್ಲಿ ಮೂರು ನಕ್ಷತ್ರ ಅಂತ ಅರ್ಥ. ಮೊದಲು ಏನು ಮಾರ್ತಿದ್ರು ಹೇಳಿ? ಒಣಮೀನು!" ಒಳ್ಳೆಯ ಮಡಿವಂತರು ಫೋನನ್ನು ಎಲೆಯಿಂದ ಒಂದು ಗೇಣು ದೂರ ಸರಿಸುತ್ತಿದ್ದರು. ಗೋಡೆಯ ಮೂಲೆಯಲ್ಲಿ ಮಿನುಗುವ ಸಿಸ್ಕೋ ಪೆಟ್ಟಿಗೆ ಕಂಡರೆ, ಅದರ ಮೇಲಿನ ಉದ್ದ ಗಿಡ್ಡ ಗೀಟುಗಳು ಬರಿಯ ಗೀಟುಗಳಲ್ಲ, ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ತೂಗುಸೇತುವೆ ಎಂದು ತೋರಿಸಿಕೊಡುತ್ತಿದ್ದ. ಕ್ಯಾನನ್ ಕ್ಯಾಮೆರಾ ಹಿಡಿದು ಮದುವೆಯ ಫೋಟೋ ತೆಗೆಯುವವನನ್ನು ತಡೆದು ನಿಲ್ಲಿಸಿ, ಅದು ಜಪಾನಿನ ಕರುಣೆಯ ದೇವತೆ ಕ್ವಾನನ್‌ಳ ಹೆಸರೆಂದೂ, ಮೊದಲ ಗುರುತಿನಲ್ಲಿ ಆಕೆಗೆ ಸಾವಿರ ಕೈಗಳಿದ್ದವೆಂದೂ ವಿವರಿಸುತ್ತಿದ್ದ. ಅಷ್ಟರಲ್ಲಿ ಅತ್ತ ಮಾಂಗಲ್ಯಧಾರಣೆ ಆಗಿಹೋಗಿರುತ್ತಿತ್ತು. ಇನ್ನು ನೋಕಿಯಾ? ಅದು ಫಿನ್‌ಲೆಂಡಿನ ಒಂದು ನದೀತೀರದ ಊರು. ಅಲ್ಲಿ ಮೊದಲು ಕಾಗದದ ಗಿರಣಿ ಇತ್ತು, ಆಮೇಲೆ ಅದೇ ಹೆಸರಿನಲ್ಲಿ ರಬ್ಬರ್ ಬೂಟುಗಳು ಬಂದವು, ಫೋನು ಬಂದದ್ದು ಎಷ್ಟೋ ಕಾಲದ ಮೇಲೆ. ಬೂಟಿನ ಹಂತ ಬರುವಷ್ಟರಲ್ಲಿ ಕೇಳುವವರು ತಮ್ಮ ಬೂಟು ಹಾಕಿಕೊಂಡು ಹೊರಟಿರುತ್ತಿದ್ದರು.

ಈ ರೋಗ ಅವನಿಗೆ ವಂಶಪಾರಂಪರ್ಯವಾಗಿ ಬಂದದ್ದು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಅವನ ತಾತ ಗುಂಡಪ್ಪನವರು ಹರಿಕಥೆ ದಾಸರು. ಕಾಲಿಗೆ ಗೆಜ್ಜೆ, ಕೈಗೆ ಚಿಟಿಕೆ, ಕೊರಳಲ್ಲಿ ಹಾರ. ಅವರದೊಂದು ಕಟ್ಟಳೆ ಇತ್ತು: ಪೀಠಿಕೆ ಹಾಕಿದವನು ಮಂಗಳ ಹಾಡದೆ ಏಳಬಾರದು. ಕರೆಂಟು ಹೋಗಲಿ, ಮೈಕು ಕೆಡಲಿ, ಜನವೆಲ್ಲ ಎದ್ದು ಪ್ರಸಾದದ ಸಾಲಿನಲ್ಲಿ ನಿಲ್ಲಲಿ, ಕಥೆ ಮುಗಿಯಲೇಬೇಕು. "ಅರ್ಧಕ್ಕೆ ಬಿಟ್ಟರೆ ಆ ಕಥೆಯೊಳಗಿನವರು ಬಾಗಿಲಲ್ಲೇ ನಿಂತಿರ್ತಾರೆ ಮಗು. ಒಳಗೆ ಬಾ ಅನ್ನೋರಿಲ್ಲ, ಹೋಗಿ ಬಾ ಅನ್ನೋರಿಲ್ಲ. ಪಾಪ ಅಲ್ವಾ?" ಎನ್ನುತ್ತಿದ್ದರು. ಮೊಮ್ಮಗನಿಗೆ ತಾತನ ಕಂಠ ಬರಲಿಲ್ಲ, ಭಕ್ತಿ ಬರಲಿಲ್ಲ, ಗೆಜ್ಜೆ ಕಟ್ಟುವ ಧೈರ್ಯವೂ ಬರಲಿಲ್ಲ. ಕಟ್ಟಳೆ ಮಾತ್ರ ಅಕ್ಷರಶಃ ಬಂತು. ಡಾರ್ಟ್ ರೈಲಿನಲ್ಲಿ ಕಥೆಯ ನಡುವೆ ಕೇಳುಗನ ನಿಲ್ದಾಣ ಬಂದರೆ ಚಾಮರಾಜ ತಾನೂ ಅವನ ಹಿಂದೆಯೇ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಮಂಗಳ ಮುಗಿಸಿ, ಮುಂದಿನ ರೈಲು ಹತ್ತಿ ಮನೆಗೆ ಬರುತ್ತಿದ್ದ.

ಹೊಟ್ಟೆಪಾಡಿಗೆ ಅವನು ಲೆಪರ್ಡ್ಸ್‌ಟೌನಿನ ಒಂದು ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಕೆಲಸ. ಕೆಲಸ ಕ್ರಮೇಣ ಸ್ವಭಾವವಾಯಿತು. ತಪ್ಪೊಂದು ಕಣ್ಣಿಗೆ ಬಿದ್ದು ತಿದ್ದದೆ ಉಳಿದರೆ ಅವನಿಗೆ ಮೈಯೆಲ್ಲ ತುರಿಕೆ.

ಅವನ ಹೆಂಡತಿ ವೇದಾವತಿ ಇನ್ನೊಂದು ಕಂಪನಿಯ ಸಂಬಳ ವಿಭಾಗದಲ್ಲಿ ಕೆಲಸಕ್ಕಿದ್ದಳು. ಗಂಡನ ಅಸ್ತ್ರಕ್ಕೆ ಅವಳು ಮದುವೆಯಾದ ಹೊಸದರಲ್ಲೇ ಒಂದು ಪ್ರತ್ಯಸ್ತ್ರ ಕಂಡುಹಿಡಿದುಕೊಂಡಿದ್ದಳು. ಪೀಠಿಕೆ ಶುರುವಾದ ಕೂಡಲೇ "ಕುಕ್ಕರ್ ಕೂಗ್ತು" ಎಂದು ಎದ್ದುಬಿಡುವುದು. ಕುಕ್ಕರ್ ಒಲೆಯ ಮೇಲೆ ಇಲ್ಲದ ದಿನವೂ ಕೂಗುತ್ತಿತ್ತು. ಮಗಳು ಜ್ಯೋತ್ಸ್ನಾ ಡನ್ ಲಿಯರಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಯಿಂದ ಹೊರಡುತ್ತಿದ್ದದ್ದು ಅಚ್ಚ ಐರಿಷ್ ರಾಗದ ಇಂಗ್ಲಿಷ್. ಅವಳ ಪ್ರತ್ಯಸ್ತ್ರ ಕಿವಿಯಲ್ಲೇ ಇರುತ್ತಿತ್ತು, ಇಯರ್‌ಫೋನಿನ ಎರಡು ಬಿಳಿಯ ಗುಬುಟು.

ಆ ಜನವರಿಯಲ್ಲಿ ಊರಿಗೆ ಊರೇ ಮತ್ತೆ ಬಾಗಿಲು ಹಾಕಿಕೊಂಡಿತ್ತು. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿಲ್ಲ. ಹಿಂದಿನ ವರ್ಷವೆಲ್ಲ ಪಾರಾಗಿ ಬಂದ ಚಾಮರಾಜನ ಮನೆಗೆ ಸಂಕ್ರಾಂತಿಯ ಮುಂಚಿನ ವಾರ ಕೊರೋನಾ ಬಂತು. ಬಂದದ್ದು ಅವನೊಬ್ಬನಿಗೇ. ಅವನು ಮಹಡಿಯ ಪೆಟ್ಟಿಗೆಯಂಥ ಕೋಣೆಯಲ್ಲಿ ಬಂದಿಯಾದ. ಊಟದ ತಟ್ಟೆ ಬಾಗಿಲ ಹೊರಗೆ ಬರುತ್ತಿತ್ತು, ಖಾಲಿ ತಟ್ಟೆ ಅಲ್ಲಿಂದಲೇ ಹೋಗುತ್ತಿತ್ತು. ಹೇಗಿದ್ದೀರಿ ಎಂದು ಯಾರು ಕೇಳಿದರೂ ಒಂದೇ ಉತ್ತರ: "ಗ್ರ್ಯಾಂಡ್." ಇಪ್ಪತ್ತು ವರ್ಷದಲ್ಲಿ ಐರ್ಲೆಂಡ್ ಅವನಿಗೆ ಕಲಿಸಿದ ಅತಿ ಮುಖ್ಯ ಪದ ಅದು. ಸೂರು ಹಾರಿಹೋದರೂ ಗ್ರ್ಯಾಂಡ್, ಕಾಲು ಮುರಿದರೂ ಗ್ರ್ಯಾಂಡ್. ಮೈಸೂರಿನ 'ಪರವಾಗಿಲ್ಲ'ಕ್ಕೆ ಐರಿಷ್ ಕೋಟು ತೊಡಿಸಿದರೆ ಹೀಗೆಯೇ ಇರುತ್ತದೆ.

ಸಂಕ್ರಾಂತಿಯ ಮಧ್ಯಾಹ್ನ ಊರೂರಿನ ಕನ್ನಡದ ಮನೆಗಳೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಸೇರಿದವು. ಎಳ್ಳು ಬೀರಲು ಮನೆಮನೆಗೆ ಹೋಗುವಂತಿರಲಿಲ್ಲವಾದ್ದರಿಂದ ತಂತಮ್ಮ ಎಳ್ಳನ್ನು ತಾವೇ ತಿಂದು, ಒಬ್ಬೊಬ್ಬರೂ ಒಂದೊಂದು ಒಳ್ಳೆಯ ಮಾತು ಆಡಬೇಕೆಂದು ತೀರ್ಮಾನವಾಗಿತ್ತು. ಬ್ಯಾಲಿನ್‌ಕೊಲಿಗ್ ಎಂಬ ಊರಿನಿಂದ ಸಭೆ ನಡೆಸುತ್ತಿದ್ದ ರೋಹನ್ ಎಂಬ ಬೆಂಗಳೂರಿನ ಹುಡುಗ ಹಿಂದೆಮುಂದೆ ನೋಡುತ್ತ, "ಚಾಮರಾಜ್ ಸಾರ್, ಹುಷಾರಿಲ್ವಂತೆ... ನೀವು ಮಾತಾಡ್ಲೇಬೇಕು ಅಂತೇನಿಲ್ಲ" ಎಂದ. ಅದರಲ್ಲಿ ಕಾಳಜಿಗಿಂತ ಆಸೆಯೇ ಹೆಚ್ಚಿತ್ತು.

"ಐ ಆಮ್ ಗ್ರ್ಯಾಂಡ್ ರೋಹನ್. ನಿನ್ನ ಕಿವೀಲಿರೋದು ಬ್ಲೂಟೂತ್ ತಾನೇ? ಆ ಹೆಸರು ಎಲ್ಲಿಂದ ಬಂತು ಗೊತ್ತಾ?"

ಪರದೆಯ ಮೇಲೆ ಹಲವು ಚೌಕಗಳು ಏಕಕಾಲಕ್ಕೆ ಕಪ್ಪಾದವು. ಚಾಮರಾಜ ಅದನ್ನು ಲೆಕ್ಕಕ್ಕಿಡಲಿಲ್ಲ. ದಿಂಬಿಗೆ ಒರಗಿ ಕೂತು ಪೀಠಿಕೆ ಹಾಕಿಯೇಬಿಟ್ಟ. ಸಾವಿರ ವರ್ಷದ ಹಿಂದೆ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಎಂಬ ರಾಜನಿದ್ದ, ಅವನಿಗೆ ನೀಲಿಹಲ್ಲು ಎಂಬ ಅಡ್ಡಹೆಸರಿತ್ತು... ಯಾಕೋ ಪ್ರತಿ ಮಾತಿಗೂ ಉಸಿರು ತಡಕಾಡಬೇಕಾಯಿತು, ಕತ್ತಲಲ್ಲಿ ಮೆಟ್ಟಿಲು ಇಳಿಯುವವರ ಹಾಗೆ. "ಆ ರಾಜನ ಹಲ್ಲು... ನೀಲಿ ಆಗಿದ್ದು... ಹೇಗೆ ಅಂದ್ರೆ..."

ಅಲ್ಲಿಗೆ ನಿಂತ. "ಸಾಕು. ಮಿಕ್ಕಿದ್ದು ಇನ್ನೊಂದು ದಿನ" ಎಂದ.

ಸಭೆಯಲ್ಲಿ ಆನಂದದ ಅಲೆ ಎದ್ದಿತು. ಕಪ್ಪಾಗಿದ್ದ ಚೌಕಗಳೆಲ್ಲ ಒಂದೊಂದಾಗಿ ಬೆಳಗಿದವು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಆದರೆ ಒಂದು ಚೌಕ ಮಾತ್ರ ಬರಿದಾಗಿರುವುದನ್ನು ಚಾಮರಾಜ ಕಂಡ. ಕೆಳಗಿನ ಅಡುಗೆಮನೆಯಿಂದ ಸೇರಿಕೊಂಡಿದ್ದ ವೇದಾವತಿಯ ಚೌಕ ಅದು. ಅವಳ ಕುರ್ಚಿ ಇನ್ನೂ ಅಲ್ಲಾಡುತ್ತಿತ್ತು. ಮರುಕ್ಷಣ ಮೆಟ್ಟಿಲ ಮೇಲೆ ದಡದಡ ಸದ್ದು, ಬಾಗಿಲು ತೆರೆದುಕೊಂಡಿತು. ಇಷ್ಟು ದಿನ ಬಾಗಿಲ ಹೊರಗೇ ನಿಂತು ಮಾತಾಡುತ್ತಿದ್ದವಳು ಮೂಗಿಗೆ ಮಾಸ್ಕ್ ಒತ್ತಿಕೊಂಡು ಒಳಗೇ ಬಂದಿದ್ದಳು.

"ಮುಂದಕ್ಕೆ ಹೇಳ್ರೀ."

"ಏನು?"

"ಹಲ್ಲು ಹೇಗೆ ನೀಲಿ ಆಯ್ತು? ಹೇಳಿ."

"ಆಮೇಲೆ ಕಣೇ ವೇದಾ... ಐ ಆಮ್ ಗ್ರ್ಯಾಂಡ್..."

"ನಿಮ್ಮ ಗ್ರ್ಯಾಂಡ್‌ಗಿಷ್ಟು ಬೆಂಕಿ ಹಾಕ! ಹೇಳಿ ಅಂದ್ನಲ್ಲ!"

ಅವನು ಬಾಯಿ ತೆರೆದ. ಹೆರಾಲ್ಡ್ ರಾಜ ಬಾಗಿಲವರೆಗೆ ಬಂದ, ಹೊರಗೆ ಬರಲಿಲ್ಲ. ವೇದಾವತಿ ಮೆಟ್ಟಿಲ ತುದಿಗೆ ಓಡಿ ಕೂಗಿದಳು: "ಜ್ಯೋತ್ಸ್ನಾ! ಆಂಬುಲೆನ್ಸ್‌ಗೆ ಫೋನ್ ಮಾಡೇ! ನಿಮ್ಮಪ್ಪ ಕಥೆ ಅರ್ಧಕ್ಕೆ ನಿಲ್ಲಿಸಿದಾರೆ!"

ಆಂಬುಲೆನ್ಸಿನವರು ಬಂದು ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಸಿಕ್ಕಿಸಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಡ ಮಾಡದೆ ಕರೆದದ್ದು ಒಳ್ಳೆಯದಾಯಿತು ಎಂದರು. ಕುರ್ಚಿಯಲ್ಲಿ ಕೂರಿಸಿ ಇಳಿಸುವಾಗ ಚಾಮರಾಜ ಅವರಿಗೂ ಗ್ರ್ಯಾಂಡ್ ಎಂದೇ ಹೇಳಿದ. ಹೊರಬಾಗಿಲಲ್ಲಿ ನಿಂತ ವೇದಾವತಿಗೆ ಜೊತೆಗೆ ಹೋಗುವ ಅವಕಾಶವಿರಲಿಲ್ಲ. ಅವಳು ಎಳ್ಳುಬೆಲ್ಲದ ಒಂದು ಪುಟ್ಟ ಪೊಟ್ಟಣವನ್ನು ಅವನ ಕೋಟಿನ ಜೇಬಿಗೆ ತುರುಕಿದಳು.  ಹಿಂದೆ ಜ್ಯೋತ್ಸ್ನಾ ನಿಂತಿದ್ದಳು. ಕಿವಿಯಲ್ಲಿ ಬಿಳಿಯ ಗುಬುಟು ಇರಲಿಲ್ಲ.

ಆಸ್ಪತ್ರೆಯಲ್ಲಿ ಯಾರಿಗೂ ಮುಖವಿರಲಿಲ್ಲ. ಗೌನು, ಮಾಸ್ಕು, ಅದರ ಮೇಲೆ ಪಾರದರ್ಶಕ ಪರದೆ. ಹಾಗಾಗಿ ತಮ್ಮ ಹೆಸರನ್ನು ಎದೆಯ ಮೇಲೆ ಮಾರ್ಕರ್‌ನಿಂದ ಬರೆದುಕೊಂಡಿದ್ದರು. ಚಾಮರಾಜನ ಹಾಸಿಗೆಗೆ ಬಂದ ನರ್ಸಿನ ಎದೆಯ ಮೇಲೆ ಜುಲಿಯಾನಾ ಎಂದಿತ್ತು. ಅದರ ಕೆಳಗೆ ಎರಡು ಚುಕ್ಕೆ, ಒಂದು ಬಾಗಿದ ಗೆರೆ: ನಗುವ ಮೊಗ. ರೋಗಿ ಮೈಸೂರಿನವನೆಂದು ತಿಳಿದದ್ದೇ ಪರದೆಯ ಹಿಂದಿನ ದನಿ ಕನ್ನಡಕ್ಕೆ ತಿರುಗಿತು.

"ನನ್ನ ಊರು ಶಿರ್ವ. ಹೆದರ್ಬೇಡಿ ಮಾರಾಯ್ರೆ, ನಾವಿದ್ದೇವೆ."

ಚಾಮರಾಜನಿಗೆ ತಾನಿರುವ ಸ್ಥಿತಿ ಮರೆತೇಹೋಯಿತು. "ಸಿಸ್ಟರ್... ಜುಲಿಯಾನಾ... ಈ ಹೆಸರು ಎಲ್ಲಿಂದ..."

"ನನ್ನ ಅಜ್ಜಿಯಿಂದ. ಮಾತಾಡ್ಬೇಡಿ."

"ಕೆಳಗೆ... ಆ ಲೋಗೋ?"

"ಲೋಗೋ ಎಂತದು! ಇಷ್ಟೆಲ್ಲ ಕಟ್ಟಿಕೊಂಡ ಮೇಲೆ ನಾನು ನಗುವುದು ನಿಮಗೆ ಕಾಣುವುದಿಲ್ಲ ಅಲ್ಲ? ಅದಕ್ಕೆ ಹೊರಗೆ ಬರ್ದಿದ್ದೇನೆ. ಒಳಗೆ ಇಲ್ಲದ ದಿವಸವೂ ಹೊರಗೆ ಉಂಟು. ಈಗ ಬೋರಲು ಮಲಗಿ."

ಬೋರಲು ಮಲಗಿದರೆ ಶ್ವಾಸಕೋಶಕ್ಕೆ ಹಿತವಂತೆ. ಗುಂಡಪ್ಪದಾಸರ ವಂಶದಲ್ಲಿ ಬೋರಲು ಮಲಗಿ ಕಥೆ ಹೇಳಿದವರಿಲ್ಲವೆಂದು ಚಾಮರಾಜ ವಾದಿಸಬೇಕೆಂದುಕೊಂಡ, ಉಸಿರು ಸಾಲಲಿಲ್ಲ. ಮಲಗಿದ. ಮೂಗಿಗೆ ಒಂದು ಯಂತ್ರ ಜೋರಾಗಿ ಆಮ್ಲಜನಕ ಊದುತ್ತಿತ್ತು. ಅದನ್ನು ಮಾಡಿದವರ ಹೆಸರಿನ ಮೇಲೆ ಯಾರೋ ಹಾಸಿಗೆಯ ಸಂಖ್ಯೆಯ ಚೀಟಿ ಅಂಟಿಸಿಬಿಟ್ಟಿದ್ದರು. ಅದು ಅವನಿಗೆ ಜ್ವರಕ್ಕಿಂತ ಹೆಚ್ಚು ಬಾಧೆ ಕೊಟ್ಟಿತು. ಕೊನೆಗೆ, ಹೆಸರು ಕೇಳದೆ ಉಪಕಾರ ಪಡೆಯುವುದನ್ನೂ ಕಲಿಯಬೇಕಾಯಿತು. ಜೀವಮಾನದಲ್ಲಿ ಸ್ಥಳಪುರಾಣವಿಲ್ಲದೆ ಅವನು ಕೈಮುಗಿದ ಮೊದಲ ಯಂತ್ರ ಅದು.

ಎರಡು ದಿನ ಕಳೆದರೂ ಉಸಿರು ಸುಧಾರಿಸಲಿಲ್ಲ. ಒಂದು ಬೆಳಗ್ಗೆ ವೈದ್ಯರು ಬಂದು ಕುಕ್ಕುರುಗಾಲಲ್ಲಿ ಕೂತು, ಬೋರಲು ಮಲಗಿದ್ದ ಅವನ ಕಣ್ಣಿಗೆ ಕಣ್ಣು ಸೇರಿಸಿ ಮೃದುವಾಗಿ ಹೇಳಿದರು: ಸಂಜೆಯೊಳಗೆ ಚೇತರಿಕೆ ಕಾಣದಿದ್ದರೆ ಐಸಿಯುಗೆ ಕರೆದೊಯ್ದು ಗಂಟಲಿಗೆ ನಳಿಕೆ ಇಳಿಸಬೇಕಾಗಬಹುದು. ನಿದ್ದೆಯ ಔಷಧಿ ಕೊಡುತ್ತೇವೆ, ನೋವಾಗುವುದಿಲ್ಲ. ಆದರೆ ಅದಿರುವಷ್ಟು ದಿನ ಮಾತಾಡಲಾಗುವುದಿಲ್ಲ. ಮನೆಯವರಿಗೆ ಫೋನ್ ಮಾಡುವುದಿದ್ದರೆ ಈಗಲೇ ಮಾಡಿ.

ಆ ಕೊನೆಯ ಮಾತಿನಲ್ಲಿ ಏನಿದೆ ಎಂಬುದು ಚಾಮರಾಜನಿಗೆ ತಿಳಿಯಿತು. ನಳಿಕೆ ಇಳಿಸಿದವರೆಲ್ಲ ಮರಳಿ ಮಾತಾಡಿಲ್ಲ. ಬಾಗಿಲಲ್ಲಿ ನಿಂತ ನೀಲಿಹಲ್ಲಿನ ರಾಜ ನೆನಪಾದ. ಅವನ ಪಕ್ಕದಲ್ಲೇ ತಾನೂ ನಿಂತ ಹಾಗೆ ಅನಿಸಿತು. ಒಳಗೆ ಬಾ ಅನ್ನುವವರಿಲ್ಲ, ಹೋಗಿ ಬಾ ಅನ್ನುವವರಿಲ್ಲ.

ಜುಲಿಯಾನಾ ಅವನ ಕಿವಿಗೆ ತಂತಿಯಿಲ್ಲದ ಇಯರ್‌ಫೋನ್ ಸಿಕ್ಕಿಸಿ, ಫೋನನ್ನು ದಿಂಬಿನ ಪಕ್ಕ ಇಟ್ಟಳು. ಫೋನಿನ ಮೂಲೆಯಲ್ಲಿ ಹೆರಾಲ್ಡ್ ರಾಜನ ಪುಟ್ಟ ಗುರುತು ಹೊತ್ತಿಕೊಂಡಿತು. ವೇದಾವತಿಯ ದನಿ ನೇರವಾಗಿ ಕಿವಿಯೊಳಗೇ ಬಂತು.

"ಡಾಕ್ಟ್ರು ನಂಗೂ ಹೇಳಿದ್ರು. ನೀವು ಮಾತಾಡ್ಬೇಡಿ. ಇವತ್ತು ಕಥೆ ನಾನು ಹೇಳ್ತೀನಿ, ನೀವು ಕೇಳಿ. ಯಾವುದು ಹೇಳ್ಲಿ... ಹಾಂ, ನೋಕಿಯಾ. ನೋಕಿಯಾ ಅನ್ನೋದು ಜಪಾನಿನ ಒಂದು ದೇವತೆ. ಸಾವಿರ ಕೈ."

ಚಾಮರಾಜ ಕಣ್ಣು ತೆರೆದ.

"ಕ್ಯಾನನ್ ಅನ್ನೋದು ಫಿನ್‌ಲೆಂಡಿನಲ್ಲಿರೋ ಒಂದು ಹೊಳೆ. ಅದರ ದಡದಲ್ಲಿ ಒಣಮೀನು ಮಾರ್ತಿದ್ರಂತೆ."

ಅವನ ಬೆರಳು ಹಾಸಿಗೆಯನ್ನು ಗೀರತೊಡಗಿತು.

"ಸ್ಯಾಮ್‌ಸಂಗ್‌ನೋರು ಮೊದಲು ರಬ್ಬರ್ ಬೂಟು ಮಾಡ್ತಿದ್ರು. ಮೂರು ಬೂಟು ಅಂತಲೇ ಅದರ ಅರ್ಥ."

ಮೂರು ಬೂಟೇ! ಎರಡು ಕಾಲಿನ ಮನುಷ್ಯನಿಗೆ! ಸಿಟ್ಟಿನಿಂದ ಅವನು ಆಳವಾಗಿ ಒಂದು ಉಸಿರೆಳೆದ. ಬಿಟ್ಟ. ಇನ್ನೊಂದು ಎಳೆದ.

"ಇನ್ನು ಆ ಸಿಸ್ಕೋ ಲೋಗೋ ಇದೆಯಲ್ಲ, ಉದ್ದ ಗಿಡ್ಡ ಗೀಟು? ಅದು ಬಾಚಣಿಗೆ ಕಣ್ರೀ."

ಪಕ್ಕದ ಯಂತ್ರ ಕುಂಯ್ಯೆಂದಿತು. ಜುಲಿಯಾನಾ ಓಡಿಬಂದಳು. "ಎಂತ ಆಯ್ತು? ಎದೆ ಬಡಿತ ಯಾಕೆ ಏರ್ತಾ ಉಂಟು? ನಿಮ್ಮ ಹೆಂಡತಿ ಎಂತ ಹೇಳಿದ್ರು?"

"ಬಾ... ಚ... ಣಿಗೆ" ಎಂದ ಚಾಮರಾಜ, ಲೋಕದ ಅನ್ಯಾಯವನ್ನೆಲ್ಲ ಆ ಒಂದು ಪದಕ್ಕೆ ತುಂಬಿ.

ಜುಲಿಯಾನಾ ತನ್ನ ಪರದೆಯ ಹಿಂದೆ ಹುಬ್ಬೇರಿಸಿದಳು. ರೋಗಿಯ ತಲೆಗೂದಲನ್ನು ಒಮ್ಮೆ ನೋಡಿ, "ಬಾಚಿದ್ರೆ ಆಯ್ತು, ಅದಕ್ಕೆ ಇಷ್ಟು ಅವಸರ ಎಂತಕ್ಕೆ?" ಎಂದು ಸಮಾಧಾನ ಹೇಳಿದಳು.

ವೇದಾವತಿ ಅಲ್ಲಿಗೆ ನಿಲ್ಲಿಸಲಿಲ್ಲ. ಊಟದ ಹೊತ್ತಿಗೊಮ್ಮೆ ಮಾಡಿದಳು, ಕಾಫಿಯ ಹೊತ್ತಿಗೊಮ್ಮೆ ಮಾಡಿದಳು. ಒಂದೊಂದು ಫೋನಿನಲ್ಲೂ ಒಂದೊಂದು ಮಹಾಪರಾಧ. ಅವಳ ಬಾಯಲ್ಲಿ ದೇವತೆಗಳು ಹೊಳೆಯಾದರು, ಹೊಳೆಗಳು ಮೀನಿನಂಗಡಿಯಾದವು. ಟೆಸ್ಟರ್ ಚಾಮರಾಜ ಬೋರಲು ಮಲಗಿ ಮನಸ್ಸಿನಲ್ಲೇ ತಿದ್ದುತ್ತ ಹೋದ. ತಿದ್ದಲು ಉಸಿರು ಬೇಕಾಗಿತ್ತು, ಉಸಿರೆಳೆದ. ಇಷ್ಟು ತಪ್ಪುಗಳನ್ನು ಭೂಮಿಯ ಮೇಲೆ ಬಿಟ್ಟು ಅವನು ಎಲ್ಲಿಗೂ ಹೋಗುವಂತಿರಲಿಲ್ಲ. ತಾನು ಹೋದರೆ ಸೇತುವೆ ಶಾಶ್ವತವಾಗಿ ಬಾಚಣಿಗೆಯಾಗಿ ಉಳಿಯುತ್ತದೆ!

ಸಂಜೆ ವೈದ್ಯರು ಬಂದು ಯಂತ್ರ ನೋಡಿದರು, ಎದೆಗೆ ಸ್ಟೆಥಾಸ್ಕೋಪ್ ಇಟ್ಟರು, ಸ್ವಲ್ಪ ಉತ್ತಮ, ಇವತ್ತು ಕಾಯೋಣ ಎಂದರು. ಮರುದಿನವೂ ಕಾಯೋಣ ಎಂದರು. ಮೂರನೆಯ ದಿನ ನಳಿಕೆಯ ಮಾತೇ ಎತ್ತಲಿಲ್ಲ. ಔಷಧಿಗಿಷ್ಟು, ಬೋರಲು ಮಲಗಿದ್ದಕ್ಕಿಷ್ಟು, ಆಮ್ಲಜನಕಕ್ಕಿಷ್ಟು ಎಂದು ಅವರು ಕೀರ್ತಿಯನ್ನು ನ್ಯಾಯವಾಗಿ ಹಂಚಿದರು. ಬಾಚಣಿಗೆಗೆ ಪಾಲು ಸಿಗಲಿಲ್ಲ.

ಅಲ್ಲಿಂದ ಮುಂದೆ ಚಾಮರಾಜನ ಜೀವನದ ಸುವರ್ಣಯುಗ ಶುರುವಾಯಿತು. ರೋಗಿ ಒಂದೇ ಉಸಿರಿಗೆ ಎಷ್ಟು ಮಾತಾಡಬಲ್ಲ ಎಂಬುದೂ ಶ್ವಾಸಕೋಶದ ಒಂದು ಅಳತೆಯಂತೆ. ಜುಲಿಯಾನಾ ಪಾಳಿಗೆ ಬಂದ ಕೂಡಲೇ ಹಾಸಿಗೆಯ ಪಕ್ಕ ನಿಂತು ಹೇಳುತ್ತಿದ್ದಳು: "ಹಾಂ, ಶುರು ಮಾಡಿ ಚಾಮರಾಜರೇ, ನಿಮ್ಮ ನೋಕಿಯಾ."

ಮೊದಲ ದಿನ "ಫಿನ್‌ಲೆಂಡಿನಲ್ಲಿ ಒಂದು ನದಿ" ಎನ್ನುವಷ್ಟರಲ್ಲಿ ಉಸಿರು ಮುಗಿಯಿತು. ಆಮೇಲೊಂದು ದಿನ ಕಾಗದದ ಗಿರಣಿ ಮುಟ್ಟಿದ. "ಇನ್ನೊಮ್ಮೆ, ಮೊದಲಿಂದ" ಎಂದಳು ಜುಲಿಯಾನಾ. ಚಾಮರಾಜನ ಕಣ್ಣಲ್ಲಿ ನೀರಾಡಿತು. ಐವತ್ತು ದಾಟಿದ ಬಾಳಿನಲ್ಲಿ ಯಾರೂ, ಹೆತ್ತ ತಾಯಿಯೂ, ಅವನಿಗೆ ಈ ಮಾತು ಹೇಳಿರಲಿಲ್ಲ. ರಬ್ಬರ್ ಬೂಟಿನ ತನಕ ಒಂದೇ ಉಸಿರಿಗೆ ಬಂದ ದಿನ ಅವಳು ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದಳು. ಪಕ್ಕದ ಹಾಸಿಗೆಯಲ್ಲಿ ಡರ್ಮಟ್ ಎಂಬ ಐರಿಷ್ ಮುದುಕರಿದ್ದರು. ಕನ್ನಡದ ಒಂದಕ್ಷರ ಬಾರದಿದ್ದರೂ ಪ್ರತಿ ಕಥೆ ಮುಗಿದಾಗ ಪರದೆಯಾಚೆಯಿಂದ "ಗ್ರ್ಯಾಂಡ್ ಸ್ಟೋರಿ" ಎನ್ನುತ್ತಿದ್ದರು. ಚಾಮರಾಜ ಅವರಿಗೆ ಈ ಬದಿಯಿಂದಲೇ ಕೈ ಮುಗಿಯುತ್ತಿದ್ದ.

"ಆ ನೀಲಿಹಲ್ಲಿನದ್ದು ಹೇಳಿ ಮಾರಾಯ್ರೆ, ಅದು ಬಾಕಿ ಉಂಟಲ್ಲ" ಎಂದು ಜುಲಿಯಾನಾ ಒಮ್ಮೆ ಕೇಳಿದಳು.

"ಅದೊಂದು ಆಗಲ್ಲ ಸಿಸ್ಟರ್. ಅದು ಮನೇಲಿ ನಿಂತಿದೆ. ಎಲ್ಲಿ ನಿಂತಿತೋ ಅಲ್ಲೇ ಮುಗೀಬೇಕು."

ವೇದಾವತಿಯೂ ದಿನಾ ಫೋನಿನ ಕೊನೆಯಲ್ಲಿ ಅದನ್ನೇ ಹೇಳುತ್ತಿದ್ದಳು: "ಆ ರಾಜ ಇನ್ನೂ ನಮ್ಮ ಬಾಗಿಲಲ್ಲೇ ನಿಂತಿದಾನೆ ಕಣ್ರೀ. ಹಲ್ಲುನೋವು ಅಂತಾನೆ. ಬೇಗ ಬನ್ನಿ."

ಹೊರಡುವ ದಿನ ಚಾಮರಾಜ ಗಾಲಿಕುರ್ಚಿಯಲ್ಲಿ ಕೂತು ಸಾಂಗವಾಗಿ ಮಂಗಳ ಹಾಡಿದ. ವೈದ್ಯರಿಗೆ, ನೆಲ ಒರೆಸುವಾಕೆಗೆ, ಉಪ್ಪಿಲ್ಲದ ಗಂಜಿ ಕೊಟ್ಟವರಿಗೆ, ಡರ್ಮಟ್‌ಗೆ, ಹೆಸರು ಮುಚ್ಚಿದ ಆ ಯಂತ್ರಕ್ಕೆ. ಜೇಬಿನಲ್ಲಿ ಉಳಿದಿದ್ದ ಎಳ್ಳುಬೆಲ್ಲದ ಪೊಟ್ಟಣವನ್ನು ಜುಲಿಯಾನಾಳಿಗೆ ಕೊಟ್ಟ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತಾರೆ ನಮ್ಮಲ್ಲಿ. ನೀವು ತಿನ್ನೋಕೆ ಮುಂಚೇನೇ ಆಡಿಬಿಟ್ರಿ ತಾಯಿ." ಜುಲಿಯಾನಾ ಪೊಟ್ಟಣ ತೆಗೆದುಕೊಂಡಳು. ಕತ್ತು ಬಗ್ಗಿಸಿ ತನ್ನ ಎದೆಯ ಮೇಲಿನ ನಗುಮೊಗವನ್ನು ಬೆರಳಿನಿಂದ ಎರಡು ಸಲ ತಟ್ಟಿ ತೋರಿಸಿದಳು.

ಮನೆಗೆ ಬಂದದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಬಂದರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಚಾಮರಾಜ ಕೈಕಾಲು ತೊಳೆದು, ಎಡಕ್ಕೆ ವಾಲುವ ಸಿಂಹಾಸನದ ಮೇಲೆ ಕೂತು, ಎದುರಿಗೆ ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡ. ಒಲೆಯ ಮೇಲೆ ಕುಕ್ಕರ್ ಇತ್ತು.

"ಆ ರಾಜನ ಹಲ್ಲು ನೀಲಿ ಆಗಿದ್ದು ಹೇ‌ಗೆ ಅಂದ್ರೆ, ಅದು ಸತ್ತ ಹಲ್ಲು ಅಂತಾರೆ. ಬೇರು ಸತ್ತು ಬಣ್ಣ ಕಂದಿ..." ಅಷ್ಟರಲ್ಲಿ ಕೆಮ್ಮು ಬಂತು. ಕೈಯೆತ್ತಿ ತಡೆಯಲು ನೋಡಿದ, ಕೆಮ್ಮು ನಿಲ್ಲಲಿಲ್ಲ. ಕಥೆ ಮತ್ತೆ ಅಲ್ಲೇ ನಿಂತಿತು.

"ಬಟ್ ಹಿ ಬ್ರಾಟ್ ದೆಮ್ ಆಲ್ ಟುಗೆದರ್, ಅಪ್ಪಾ" ಎಂದಳು ಜ್ಯೋತ್ಸ್ನಾ, ನೀರಿನ ಲೋಟ ಅವನ ಕೈಗಿಡುತ್ತ.

"ಹೂಂ" ಎಂದು ವೇದಾವತಿ ಕಥೆಯನ್ನು ಎತ್ತಿಕೊಂಡಳು. "ಕಿತ್ತಾಡ್ತಿದ್ದ ತನ್ನ ಜನಾನೆಲ್ಲ ಒಂದು ಮಾಡ್ದ. ಸಾವಿರ ವರ್ಷ ಆದ್ಮೇಲೆ ಕಂಪನಿಗಳೋರೆಲ್ಲ ಸೇರಿ, ತಂತಿ ಇಲ್ದೆ ಯಂತ್ರಕ್ಕೂ ಯಂತ್ರಕ್ಕೂ ಮಾತು ಬೆಸೀಬೇಕು ಅಂತ ಕೂತಾಗ, ಅವರಲ್ಲೊಬ್ರು ಈ ರಾಜನ ಹೆಸರು ಹೇಳಿದ್ರು. ಒಳ್ಳೇದೊಂದು ಸಿಗೋ ತನಕ ಇದು ಇರ್ಲಿ ಅಂತ. ಒಳ್ಳೇದು ಸಿಗಲೇ ಇಲ್ಲ. ಮನೇಲಿ ಪುಟ್ಟು ಅಂತ ಕರೆದಿದ್ದೇ ಮದುವೆ ಪತ್ರಿಕೇಲಿ ಅಚ್ಚಾದಂಗೆ ಆಯ್ತು. ಆ ಗುರುತು ಇದೆಯಲ್ಲ, ಅದು ಅವನ ಎರಡು ಹೆಸರಿನ ಮೊದಲಕ್ಷರಗಳು, ಅಲ್ಲಿಯ ಹಳೇ ಲಿಪೀಲಿ, ಒಂದರ ಮೇಲೊಂದು. ಮಂಗಳಂ."

ಚಾಮರಾಜ ಲೋಟ ಹಿಡಿದಲ್ಲೇ ಕೂತುಬಿಟ್ಟ. ಪುಟ್ಟುವಿನ ಮದುವೆ ಪತ್ರಿಕೆ ಅವನದೇ ಉಪಮೆ. ಅಕ್ಷರ ಬಿಡದೆ ಹೇಳಿದ್ದಳು.

"ನಿಂಗೆ... ನಿಮಗಿಬ್ರಿಗೂ ಇದೆಲ್ಲ ಗೊತ್ತಾ?"

"ಇಪ್ಪತ್ತು ವರ್ಷದಿಂದ ಕೇಳ್ತಿದೀನಿ. ಅಡುಗೆಮನೆ ಏನು ಆಫ್ರಿಕಾದಲ್ಲಿದೆಯೇ?"

"ಹಾಗಾದ್ರೆ ಯಾವಾಗ್ಲೂ ಕುಕ್ಕರ್ ಕೂಗ್ತು ಅಂತ ಎದ್ದು ಹೋಗ್ತಿದ್ಯಲ್ಲೇ!"

"ಗೊತ್ತಿದ್ದಕ್ಕೇ ಕಣ್ರೀ ಎದ್ದು ಹೋಗ್ತಿದ್ದಿದ್ದು!"

"ಮತ್ತೆ ಆಸ್ಪತ್ರೇಲಿ... ಸಿಸ್ಕೋ ಬಾಚಣಿಗೆ ಅಂದ್ಯಲ್ಲ?"

ವೇದಾವತಿ ಸೆರಗಿನ ಅಂಚನ್ನು ನೋಡಿಕೊಂಡಳು. "ಇನ್ನೇನ್ಮಾಡ್ಲಿ? ಸರಿಯಾಗಿ ಹೇಳಿದ್ರೆ ನೀವು ನಿದ್ದೆ ಹೋಗ್ಬಿಡ್ತಿದ್ರಿ, ನಮ್ಮ ಹಾಗೆ. ನಿಮ್ಮನ್ನ ಎಬ್ಬಿಸಿ ಇಟ್ಕೋಬೇಕಿತ್ತು."

ಯುದ್ಧ ಗೆದ್ದ ಎಷ್ಟೋ ರಾಜರಿಗೆ ಪಟ್ಟಾಭಿಷೇಕದ ದಿನವೂ ಇಷ್ಟು ಸುಖ ಸಿಕ್ಕಿರಲಾರದು. ಸುಳ್ಳು ಕುಕ್ಕರುಗಳು ಕೂಗಿದ ಅಷ್ಟೂ ವರ್ಷ ಅಡುಗೆಮನೆಯ ಬಾಗಿಲ ಹಿಂದೆ ಅವನಿಗೊಂದು ಸಭೆಯಿತ್ತು. ಒಬ್ಬಳೇ ಇದ್ದ ಸಭೆ, ಮಂಗಳದ ತನಕ ಎದ್ದು ಹೋಗದ ಸಭೆ. ಅದು ಇಲ್ಲದಿದ್ದರೆ ಅವನ ಮಾತು ನಿಂತದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅವನಿಗೆ ಏನೋ ಹೇಳಬೇಕೆನಿಸಿತು. ಹೇಳಲು ಮೂಗು, ಕಣ್ಣು ಒರೆಸಿಕೊಂಡ, ಆದರೂ ಬರಲಿಲ್ಲ. ಕೊನೆಗೆ ತನಗೆ ಬರುವುದನ್ನೇ ಹೇಳಿದ.

"ಸರಿ. ನಿಮಗಿಬ್ರಿಗೂ ಗೊತ್ತಿಲ್ಲದ್ದು ಒಂದು ಇದೆ. ಎರಡು ಚುಕ್ಕೆ, ಅದರ ಕೆಳಗೊಂದು ಬಾಗಿದ ಗೆರೆ. ಯಾವ ಕಂಪನೀದೂ ಅಲ್ಲ. ಶಿರ್ವದಿಂದ ಬಂದ ಒಬ್ಬ ಮಹಾತಾಯಿ ಮಾರ್ಕರ್‌ನಲ್ಲಿ ಬರೆದ ಲೋಗೋ. ಅದು ಯಾಕೆ ಹುಟ್ಟಿತು ಗೊತ್ತಾ?"

ಜ್ಯೋತ್ಸ್ನಾ ಇನ್ನೊಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಮೇಲೆ ಕಾಲು ಚಾಚಿ ಕೂತಳು. ಅಷ್ಟರಲ್ಲಿ ಒಲೆಯ ಮೇಲಿನ ಕುಕ್ಕರ್ ನಿಜವಾಗಿಯೇ ಕೂಗಿತು, ಮನೆಯ ಸೂರು ಹಾರುವಂತೆ. ಇನ್ನೊಮ್ಮೆ ಕೂಗಿತು.

ವೇದಾವತಿ ಏಳಲಿಲ್ಲ.

"ಕೂಗ್ಲಿ ಬಿಡಿ" ಎಂದಳು. "ಯಾಕೆ ಹುಟ್ಟಿತು?"